ಒತ್ತೆಯಿಟ್ಟ ಹೊದಿಕೆ: ‘ಬೈಬಲ್ ಮತ್ತು ನೈತಿಕತೆ’ ದಾಖಲೆಯ ಒಂದು ವಿಮರ್ಶೆ

ಗುರುಗಳ ತರಬೇತಿಯನ್ನು ಕುರಿತು ದ್ವಿತೀಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ ಹೊರಡಿಸಿದ ‘ಒಪ್ತಾತಾಂ ತೊತಿಯುಸ್’ ಆದೇಶಪತ್ರವು, ನೀತಿಶಾಸ್ತ್ರದ ಬೋಧನೆ ಪವಿತ್ರ ಗ್ರಂಥದಿಂದ ಇನ್ನೂ ಹೆಚ್ಚಿನ ಪೋಷಣೆ ಪಡೆಯಬೇಕೆಂದು ತನ್ನ ೧೬ನೆಯ ಪರಿಚ್ಛೇದದಲ್ಲಿ ಕೇಳಿಕೊಂಡಿತು. ಆ ಕೋರಿಕೆಗೆ ದೊರೆತ ವಿಸ್ತಾರವಾದ ಉತ್ತರಗಳಲ್ಲಿ ಒಂದು, ಪೊಂಟಿಫಿಕಲ್ ಬೈಬಲ್ ಆಯೋಗವು ೨೦೦೮ರಲ್ಲಿ ಪ್ರಕಟಿಸಿದ ‘ಬೈಬಲ್ ಮತ್ತು ನೈತಿಕತೆ’ ಎಂಬ ದಾಖಲೆ. ಇದನ್ನು ಪಾಠ ಹೇಳುವವರೂ ಕಲಿಯುವವರೂ ಇದರ ಬಲದ ಜೊತೆಗೆ ಮಿತಿಯನ್ನೂ ತೂಗಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಬಲವನ್ನು ಹೇಳೋಣ. ದೇವರ ವರದಾನವೇ ಮೊದಲು, ಮನುಷ್ಯನ ನಡತೆ ಅದಕ್ಕೆ ಕೊಡುವ ಪ್ರತ್ಯುತ್ತರ ಎಂಬುದು ದಾಖಲೆಯ ಅಡಿಗಲ್ಲು. ದಶಾಜ್ಞೆಗಳು ಆರಂಭವಾಗುವುದು ಅಪ್ಪಣೆಯಿಂದಲ್ಲ, ಈಜಿಪ್ಟಿನ ದಾಸತ್ವದಿಂದ ಬಿಡುಗಡೆ ಮಾಡಿದ ದೇವರ ಪರಿಚಯದಿಂದ. ಎರಡನೆಯ ಭಾಗವು ನೈತಿಕ ವಿವೇಚನೆಗೆ ಎರಡು ಮೂಲ ಮಾನದಂಡಗಳನ್ನೂ ಆರು ವಿಶೇಷ ಮಾನದಂಡಗಳನ್ನೂ ಕೊಡುತ್ತದೆ. ಬೈಬಲ್ ಕಾಣುವ ಮನುಷ್ಯಸ್ವರೂಪಕ್ಕೂ ಯೇಸುಸ್ವಾಮಿಯ ಆದರ್ಶಕ್ಕೂ ಹೊಂದುವುದೇ ಆ ಎರಡು ಮೂಲ ಮಾನದಂಡಗಳು. ಒಂದು ವಾಕ್ಯವನ್ನು ಕಿತ್ತು ತೆಗೆದು ಎದುರಾಳಿಯ ಮೇಲೆ ಎಸೆಯುವ ರೂಢಿಗೆ ಇದು ಒಳ್ಳೆಯ ತಡೆ.

ನಮ್ಮ ಆಕ್ಷೇಪವಿರುವುದು ದಶಾಜ್ಞೆಗಳ ವ್ಯಾಖ್ಯಾನದ ಒಂದು ಹೆಜ್ಜೆಯ ಬಗ್ಗೆ. ಪ್ರತಿಯೊಂದು ಆಜ್ಞೆಯಿಂದ ಒಂದೊಂದು ಮೌಲ್ಯವನ್ನು ಹೆಕ್ಕಿ, ಕಟ್ಟಳೆಗಳ ನೀತಿಯನ್ನು ಮೌಲ್ಯಗಳ ನೀತಿಯಾಗಿ ಓದಬಹುದೆಂದು ದಾಖಲೆ ಸೂಚಿಸುತ್ತದೆ. ನಿಷೇಧವು ಕನಿಷ್ಠ ಎಲ್ಲೆಯನ್ನಷ್ಟೇ ಗುರುತಿಸುತ್ತದೆ, ಮೌಲ್ಯವು ಅದರಾಚೆಗೆ ಕರೆದೊಯ್ಯುತ್ತದೆ ಎಂಬ ವಾದದಲ್ಲಿ ಹುರುಳಿದೆ. ಅನ್ಯಧರ್ಮೀಯರೊಡನೆ ಸಂವಾದಿಸುವವರಿಗೂ ಈ ಭಾಷೆ ಅನುಕೂಲವೇ. ಆದರೆ ಮೌಲ್ಯವನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಮೇಲೆ ಯಾರು, ಯಾರಿಗೆ, ಯಾವ ಹೊತ್ತಿನೊಳಗೆ ಏನು ಮಾಡಬೇಕೆಂಬುದು ಅದರಲ್ಲಿ ಬರೆದಿರುವುದಿಲ್ಲ. ದಾಖಲೆಯು ಒಡಂಬಡಿಕೆಯ ಕಟ್ಟಳೆಗಳನ್ನೂ ಬಡವರ ಹಕ್ಕನ್ನೂ ಬೇರೆಡೆ ಚರ್ಚಿಸಿದೆ, ನಿಜ. ಆದರೂ ಕಟ್ಟಳೆಯಿಂದ ಮೌಲ್ಯಕ್ಕೆ ಏರುವ ದಾರಿಯನ್ನು ತೋರಿಸಿದಷ್ಟು ಸ್ಪಷ್ಟವಾಗಿ, ಮತ್ತೆ ಇಳಿದು ಬರುವ ದಾರಿಯನ್ನು ತೋರಿಸಿಲ್ಲ.

ಒಂದೇ ಒಂದು ಕಟ್ಟಳೆಯನ್ನು ಪರೀಕ್ಷಿಸೋಣ. ವಿಮೋಚನಕಾಂಡ ೨೨:೨೬-೨೭ರ ಪ್ರಕಾರ, ನೆರೆಯವನ ಹೊದಿಕೆಯನ್ನು ಒತ್ತೆಯಾಗಿ ಪಡೆದವನು ಸೂರ್ಯ ಮುಳುಗುವುದರೊಳಗೆ ಅದನ್ನು ಹಿಂದಿರುಗಿಸಬೇಕು. ಬಡವನಿಗೆ ಮಲಗುವಾಗ ಮೈಮುಚ್ಚಲು ಇರುವುದು ಅದೊಂದೇ. ಧರ್ಮೋಪದೇಶಕಾಂಡ ೨೪:೧೦-೧೩ ಇನ್ನೊಂದು ಸೂಕ್ಷ್ಮವನ್ನು ಸೇರಿಸುತ್ತದೆ: ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಂತು ಕಾಯಬೇಕು. ಇದನ್ನು ‘ಮಾನವ ಘನತೆ’ ಎಂಬ ಒಂದೇ ಮಾತಿಗೆ ಇಳಿಸಿದರೆ ಹೊಸ್ತಿಲೂ ಹೋಯಿತು, ಸೂರ್ಯಾಸ್ತವೂ ಹೋಯಿತು. ಬಡವನ ಚಳಿಯನ್ನು ಗಮನಿಸಲು ಕಲಿಸುವುದು ಆ ವಿವರಗಳೇ.

ಆ ಕಾಲದ ಬದುಕಿನಲ್ಲಿ ಹೊದಿಕೆ ಎಷ್ಟು ದೊಡ್ಡ ಸಂಗತಿಯಾಗಿತ್ತೆಂಬುದಕ್ಕೆ ಬೈಬಲಿನ ಹೊರಗೂ ಸಾಕ್ಷ್ಯವಿದೆ. ಇಸ್ರೇಲಿನ ಕರಾವಳಿಯ ಮೆಸದ್ ಹಷವ್ಯಾಹು ಕೋಟೆಯಲ್ಲಿ ೧೯೬೦ರ ಉತ್ಖನನದಲ್ಲಿ ಕ್ರಿ.ಪೂ. ಏಳನೆಯ ಶತಮಾನದ ಮಡಕೆಚೂರೊಂದು ದೊರೆಯಿತು. ಕೊಯ್ಲಿನ ಆಳೊಬ್ಬ ಅಧಿಕಾರಿಗೆ ಸಲ್ಲಿಸಿದ ಹೀಬ್ರೂ ಅಹವಾಲು ಅದರ ಮೇಲಿದೆ. ತಾನು ಕೆಲಸ ಮುಗಿಸಿದ್ದರೂ ತನ್ನ ವಸ್ತ್ರವನ್ನು ಕಿತ್ತುಕೊಂಡಿದ್ದಾರೆ, ಜೊತೆಗಾರರು ಸಾಕ್ಷಿ ಹೇಳುತ್ತಾರೆ, ಅದನ್ನು ಕೊಡಿಸಬೇಕು ಎಂಬುದು ಅವನ ಮೊರೆ. ಅಲ್ಲಿ ಸಾಲದ ಪ್ರಸ್ತಾಪವಿಲ್ಲ, ಮೋಶೆಯ ಧರ್ಮಶಾಸ್ತ್ರದ ಉಲ್ಲೇಖವೂ ಇಲ್ಲ. ಆದರೆ ಕಟ್ಟಳೆ ಯಾರನ್ನು ಕಾಯಲು ಹುಟ್ಟಿತೋ ಅಂಥವನ ದನಿ ಅದು.

ಪವಿತ್ರ ಗ್ರಂಥದೊಳಗೂ ಈ ಕಟ್ಟಳೆ ಮೌಲ್ಯವಾಗಿ ಕರಗದೆ ಕಟ್ಟಳೆಯಾಗಿಯೇ ಮುಂದೆ ಸಾಗುತ್ತದೆ. ಒತ್ತೆಯ ವಸ್ತ್ರಗಳ ಮೇಲೆ ಬಲಿಪೀಠಗಳ ಬಳಿ ಒರಗುವವರನ್ನು ಆಮೋಸನು (೨:೮) ಖಂಡಿಸುತ್ತಾನೆ. ಆರಾಧನೆಯ ದೋಷವನ್ನು ಅವನು ಆ ಬಟ್ಟೆಯಲ್ಲೇ ಗುರುತಿಸುತ್ತಾನೆ. ಮತ್ತಾಯ ೫:೪೦ರಲ್ಲಿ ಯೇಸುಸ್ವಾಮಿ, ಒಳಂಗಿಗಾಗಿ ವ್ಯಾಜ್ಯ ಹೂಡಿದವನಿಗೆ ಮೇಲಂಗಿಯನ್ನೂ ಬಿಟ್ಟುಕೊಡಿ ಎನ್ನುತ್ತಾರೆ. ಬಡವನಿಂದ ರಾತ್ರಿಯ ಮಟ್ಟಿಗೂ ಕಸಿಯಲಾಗದೆಂದು ಕಟ್ಟಳೆ ಕಾಯ್ದಿದ್ದ ವಸ್ತ್ರವನ್ನು ಶಿಷ್ಯನು ತಾನಾಗಿಯೇ ಕೊಡುತ್ತಾನೆ. ಹಳೆಯ ಕಟ್ಟಳೆಯನ್ನು ಅರಿಯದವನಿಗೆ ಈ ಬೋಧನೆಯ ತೀಕ್ಷ್ಣತೆ ತಿಳಿಯದು. ದಾಖಲೆಯ ವಿಶೇಷ ಮಾನದಂಡಗಳಲ್ಲಿ ಒಂದಾದ ‘ಮುನ್ನಡೆ’ಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇದಕ್ಕೆ ಒಂದು ಪ್ರಶ್ನೆ ಏಳುತ್ತದೆ: ಕ್ರೈಸ್ತರು ಈ ಕಟ್ಟಳೆಗಳಿಗೆ ಬದ್ಧರೇ? ಸಂತ ತೋಮಸ್ ಅಕ್ವಿನಾಸರು ಹಳೆಯ ಧರ್ಮಶಾಸ್ತ್ರವನ್ನು ನೈತಿಕ, ಆಚರಣಾತ್ಮಕ, ನ್ಯಾಯಿಕ ಎಂದು ಮೂರಾಗಿ ವಿಂಗಡಿಸಿ, ಒತ್ತೆಯಂಥ ನ್ಯಾಯಿಕ ವಿಧಿಗಳಿಗೆ ಕ್ರಿಸ್ತಾಗಮನದ ನಂತರ ಕಡ್ಡಾಯ ಬಲವಿಲ್ಲವೆಂದರು. ನಾವೂ ಇದನ್ನು ಒಪ್ಪುತ್ತೇವೆ. ಆದರೆ ಆಚರಣಾತ್ಮಕ ವಿಧಿಗಳನ್ನು ಮತ್ತೆ ಪಾಲಿಸುವುದು ಮಾರಕವೆಂದ ಅವರೇ, ನ್ಯಾಯಿಕ ವಿಧಿಗಳ ಬಗ್ಗೆ ಹಾಗೆ ಹೇಳಲಿಲ್ಲ; ಹಳೆಯ ಧರ್ಮಶಾಸ್ತ್ರದ ಕಟ್ಟುಪಾಡೆಂದು ಹೇರದಿದ್ದರೆ, ಆಳುವವನು ತನ್ನ ನಾಡಿನಲ್ಲಿ ಅವನ್ನು ಜಾರಿಗೊಳಿಸಿದರೂ ಪಾಪವಿಲ್ಲವೆಂದರು. ಶಾಸನವಾಗಿ ಬಲ ಕಳೆದುಕೊಂಡ ಕಟ್ಟಳೆ ತೀರ್ಪಿನ ಮಾದರಿಯಾಗಿ ಉಳಿಯುತ್ತದೆಂದು ನಾವು ಇದರಿಂದ ಗ್ರಹಿಸುತ್ತೇವೆ. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಒಂದು ಸಂಜೆ ಒಂದು ಮನೆಯ ಬಾಗಿಲಲ್ಲಿ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಅದು ಕಲಿಸುತ್ತದೆ.

ಇದು ತರಗತಿಯ ವಾದಕ್ಕಷ್ಟೇ ಸೀಮಿತವಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಒಡವೆಯನ್ನೋ ಜಮೀನಿನ ಪತ್ರವನ್ನೋ ಒತ್ತೆಯಿಟ್ಟವರಿದ್ದಾರೆ, ಒತ್ತೆ ಪಡೆದವರೂ ಇದ್ದಾರೆ. ಇಬ್ಬರೂ ಒಂದೇ ಬಲಿಪೂಜೆಗೆ ಬರುತ್ತಾರೆ. ‘ನ್ಯಾಯ’ವೆಂಬ ಮೌಲ್ಯವನ್ನು ಬೋಧಿಸಿದರೆ ಇಬ್ಬರೂ ತಲೆದೂಗುವರು. ಬಾಕಿ ವಸೂಲಿಗೆ ಹೋದಾಗ ಹೊಸ್ತಿಲಾಚೆ ನಿಂತೆಯಾ, ಅವನು ಬದುಕಲು ಬೇಕಾದುದನ್ನೇ ಹಿಡಿದಿಟ್ಟುಕೊಂಡಿರುವೆಯಾ ಎಂದು ಕೇಳಿದರೆ ಮನಸ್ಸಾಕ್ಷಿ ಎಚ್ಚರಗೊಳ್ಳುತ್ತದೆ. ಪಾಪನಿವೇದನೆಗೆ ಮುಂಚಿನ ಆತ್ಮಶೋಧನೆಯ ಪ್ರಶ್ನೆಗಳನ್ನು ರಚಿಸುವ ಗುರುಗಳು ದಶಾಜ್ಞೆಗಳ ಪಕ್ಕದಲ್ಲಿ ವಿಮೋಚನಕಾಂಡದ ೨೨ನೆಯ ಅಧ್ಯಾಯವನ್ನೂ ತೆರೆದಿಟ್ಟುಕೊಳ್ಳಲಿ. ‘ಬೈಬಲ್ ಮತ್ತು ನೈತಿಕತೆ’ಯನ್ನು ನಾವು ಮುಂದೆಯೂ ಪಾಠ ಹೇಳುವೆವು, ಆದರೆ ಅದರ ಮೌಲ್ಯಗಳ ಪಟ್ಟಿಯನ್ನು ಕಂಠಪಾಠ ಮಾಡುವ ಮುನ್ನ ಕಟ್ಟಳೆಯನ್ನು ಅದರ ಎಲ್ಲ ವಿವರಗಳೊಡನೆ ಓದಬೇಕೆಂದು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುವೆವು.