‘ಪಾ’ ಹೇಳದೇ ಬಿಟ್ಟ ಮಾತು

ಆರ್. ಬಾಲ್ಕಿ ಅವರ ‘ಪಾ’ ಸಿನಿಮಾವನ್ನ ನಾನು ಮೊದಲು ನೋಡಿದ್ದು 2009ರ ಡಿಸೆಂಬರಲ್ಲಿ, ಬಿಇ ಓದ್ತಿದ್ದಾಗ, ಹಾಸ್ಟೆಲ್ ಹುಡುಗರ ಜೊತೆ. ಎಲ್ರೂ ಕಣ್ಣೊರೆಸಿಕೊಂಡು ಹೊರಗೆ ಬಂದಿದ್ವಿ. ಮೊನ್ನೆ ಊರಲ್ಲಿ ಅಕ್ಕನ ಮನೆ ಟೀವೀಲಿ ಮತ್ತೆ ಬಂತು. ಈ ಸಲ ಅಳು ಬರಲಿಲ್ಲ, ಸಿಟ್ಟು ಬಂತು. ಅರ್ಧ ಸಿನಿಮಾ ಮೇಲೆ, ಅರ್ಧ ನನ್ನ ಮೇಲೆ.

ಕಥೆ ನಿಮಗೆ ಗೊತ್ತಿರುತ್ತೆ. ಹನ್ನೆರಡರ ಹುಡುಗ ಔರೋಗೆ ಪ್ರೊಜೀರಿಯಾ, ಅಂದ್ರೆ ಎಳೆವಯಸ್ಸಲ್ಲೇ ಮೈ ಮುದಿಯಾಗೋ ಕಾಯಿಲೆ. ಮಗನ ಪಾತ್ರದಲ್ಲಿ ಅಮಿತಾಭ್, ಅಪ್ಪನ ಪಾತ್ರದಲ್ಲಿ ಅಭಿಷೇಕ್. ಇಡೀ ಸಿನಿಮಾ ನಿಂತಿರೋದೇ ಈ ಅದಲುಬದಲಿನ ಮೇಲೆ. ನಟನೆ, ಮೇಕಪ್ಪು ಎರಡೂ ಅದ್ಭುತ, ಅದರಲ್ಲಿ ತಕರಾರಿಲ್ಲ. ಅಜ್ಜಿಯಾಗಿ ನಮ್ಮ ರಂಗಶಂಕರದ ಅರುಂಧತಿ ನಾಗ್ ಅವರಂತೂ ಹೆಚ್ಚು ಮಾತಿಲ್ಲದೆ ಎಲ್ಲರನ್ನೂ ಮೀರಿಸ್ತಾರೆ, ರಾಷ್ಟ್ರಪ್ರಶಸ್ತಿ ಸುಮ್ನೆ ಬಂದಿದ್ದಲ್ಲ. ನಡುವೆ ಬರೋ ರಾಜಕೀಯ, ದೂರದರ್ಶನದ ಪ್ರಸಂಗ ಎಲ್ಲಾ ಬರೀ ಉದ್ದ.

ನನ್ನ ತಕರಾರು ಬೇರೆ. ಅಪ್ಪ ಮಗ ಅನ್ನೋ ಹೋಲಿಕೆಯನ್ನೇ ಆಟವಾಗಿ ಆಡೋ ಸಿನಿಮಾ, ಹೋಲಿಕೆಗೇ ಸೇರದ ಕಾಯಿಲೆಯನ್ನ ಆರಿಸಿಕೊಂಡಿದೆ. ಪ್ರೊಜೀರಿಯಾ ಸಾಮಾನ್ಯವಾಗಿ ಅಪ್ಪನಿಂದಲೋ ಅಮ್ಮನಿಂದಲೋ ಇಳಿದು ಬರಲ್ಲ. ಜೀನಿನಲ್ಲಿ ಆಗೋ ಹೊಸ ಬದಲಾವಣೆ ಅದು. ಎಲ್‌ಎಂಎನ್‌ಎ ಅನ್ನೋ ಜೀನಲ್ಲಿ 1824ನೇ ಅಕ್ಷರ ‘ಸಿ’ ಇರಬೇಕಾದ ಕಡೆ ‘ಟಿ’ ಆಗಿರುತ್ತೆ, ಬಹುತೇಕ ಮಕ್ಕಳಲ್ಲಿ ಇಷ್ಟೇ. ಇದು ಪತ್ತೆಯಾಗಿದ್ದು 2003ರಲ್ಲಿ. ಕೋಡ್ ಬರೆಯೋನಾಗಿ ನನಗೆ ನಿದ್ದೆಗೆಡಿಸಿದ ಸಂಗತಿ ಏನಂದ್ರೆ, ಆ ಬದಲಾವಣೆಯಿಂದ ಅರ್ಥ ಬದಲಾಗೋದೇ ಇಲ್ಲ. ಮೊದಲಿದ್ದ ಮೂರಕ್ಷರದ ಪದಕ್ಕೂ ಗ್ಲೈಸಿನ್, ಈಗಿನದಕ್ಕೂ ಗ್ಲೈಸಿನ್. ಆದ್ರೆ ಆ ಒಂದಕ್ಷರ ನೋಡಿ ಜೀವಕೋಶ ‘ಇಲ್ಲಿ ಕತ್ತರಿಸು’ ಅಂತ ತಪ್ಪು ಓದಿಕೊಳ್ಳುತ್ತೆ. ಪ್ರೋಟೀನಿನ 50 ಅಮೈನೋ ಆಮ್ಲ ಕಳೆದುಹೋಗಿ, ಉಳಿದ ಕುಂಟು ಪ್ರೋಟೀನು ಕೋಶದ ನ್ಯೂಕ್ಲಿಯಸ್ಸನ್ನ ಸೊಟ್ಟ ಮಾಡುತ್ತೆ. ಯಾರ ಪಾಪವೂ ಅಲ್ಲ, ಯಾರ ರಕ್ತವೂ ಅಲ್ಲ.

ಸಿನಿಮಾದ ತಾಯಿ ಸ್ವತಃ ಹೆರಿಗೆ ಡಾಕ್ಟರು. ಒಂದೇ ಒಂದು ದೃಶ್ಯದಲ್ಲಿ ಇದನ್ನ ಜನರ ಮನಸ್ಸಲ್ಲಿ ಉಳಿಯೋ ಹಾಗೆ ಹೇಳಿಸಬಹುದಿತ್ತು. ಕಥೆಗೆ ಅದು ಬೇಕಾಗಿಲ್ಲ, ಮುರಿದ ಜೋಡಿಯನ್ನ ಕೂಡಿಸೋಕೆ ಒಂದು ಕಾಯಿಲೆ ಬೇಕಿತ್ತು ಅಷ್ಟೇ.

ಇದು ಅಷ್ಟು ದೊಡ್ಡ ಕೊರತೆಯಾ ಅಂತ ಕೇಳ್ತೀರಿ. ನಮ್ಮಕ್ಕ, ಅಂದ್ರೆ ದೊಡ್ಡಮ್ಮನ ಮಗಳು, ನಮ್ಮ ಸೋದರಮಾವನನ್ನೇ ಮದುವೆಯಾದೋಳು. ಮಗನಿಗೆ ಕೈಕಾಲು ಗಿಡ್ಡ, ಹಣೆ ಮುಂದಕ್ಕೆ. ಅಕಾಂಡ್ರೊಪ್ಲೇಸಿಯಾ. ಅತ್ತೆ ಅಂದ್ರೆ ಸ್ವಂತ ಅಜ್ಜಿ, ಅವರೇ ‘ಗ್ರಹಣದ ದಿನ ಹೊರಗೆ ಬಂದಿದ್ಲು’ ಅಂದ್ರು. ಓದಿದ ನಾನು ಇನ್ನೂ ಬುದ್ಧಿವಂತನ ಹಾಗೆ ‘ಸಂಬಂಧದಲ್ಲಿ ಮದುವೆಯಾದ್ರೆ ಹಿಂಗೇ ಆಗೋದು’ ಅಂತ ಅವಳ ಎದುರಿಗೇ ಹೇಳಿದೆ. ಆಗಿನ್ನೂ ‘ಪಾ’ ನೋಡಿ ಬಂದು ವಾರವೂ ಆಗಿರಲಿಲ್ಲ.

ನನ್ನ ಮಾತು ಪೂರ್ತಿ ಸುಳ್ಳಲ್ಲ, ಅದೇ ಅಪಾಯ. ಥಲಸ್ಸೀಮಿಯಾದಂಥ ಕಾಯಿಲೆಗೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು, ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಆದ್ರೆ ಅಕಾಂಡ್ರೊಪ್ಲೇಸಿಯಾಗೆ ಒಂದೇ ಪ್ರತಿ ಸಾಕು, ಸುಮಾರು 80 ಪರ್ಸೆಂಟ್ ಮಕ್ಕಳು ಸಾಮಾನ್ಯ ಎತ್ತರದ ಅಪ್ಪ ಅಮ್ಮನಿಗೇ, ಹೊಸ ಬದಲಾವಣೆಯಿಂದ ಹುಟ್ಟೋರು. ಮಾವನ ಬದಲು ಪರವೂರಿನ ಗಂಡನ್ನ ಕಟ್ಟಿಕೊಂಡಿದ್ರೂ ಅದೇ ಲೆಕ್ಕ. ಅಂಥ ಅಪ್ಪ ಅಮ್ಮನಿಗೆ ಎರಡನೇ ಮಗುವಿಗೂ ಹಂಗೇ ಆಗೋ ಸಂಭವ ತೀರಾ ಕಡಿಮೆ. ಆ ಹುಡುಗ ಮುಂದೆ ಅಪ್ಪನಾದಾಗ ಮಾತ್ರ ಅವನ ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಇದಕ್ಕೆ ಕಾರಣವಾದ ಜೀನು 1994ರಲ್ಲೇ ಗೊತ್ತಾಗಿತ್ತು.

ಮೊನ್ನೆ ಸಿನಿಮಾ ನಡೀತಿದ್ದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವರೆಕಾಯಿ ಬಿಡಿಸ್ತಾ ಕೂತಿದ್ಲು. ಪಿಯುಸಿ ಓದೋ ಮಗ ಒಳಗೆ ಫೋನಲ್ಲಿದ್ದ. ಅವನೊಬ್ಬನೇ ಮಗ. ಟೀವೀಲಿ ಔರೋ ಆಸ್ಪತ್ರೆ ಮಂಚದ ಮೇಲಿದ್ದ. ಅಕ್ಕ ಟೀವಿ ಕಡೆ ನೋಡಲಿಲ್ಲ.

‘ಇದನ್ನ ಆವತ್ತೇ ಹೇಳ್ಬಾರ್ದಿತ್ತೇನೋ? ಇನ್ನೊಂದು ಬೇಕು ಅಂತ ನಂಗೆಷ್ಟು ಆಸೆ ಇತ್ತು’ ಅಂದ್ಲು.