ಒಂದು ಅರಬ್ಬೀ ಧಾತುವಿನ ಕನ್ನಡ ಸಂತತಿ

ಕನ್ನಡ ವ್ಯಾಕರಣದ ಕೈಪಿಡಿಗಳಲ್ಲಿ ಅನ್ಯದೇಶ್ಯಪ್ರಕರಣವೆಂಬುದು ಬಹುಮಟ್ಟಿಗೆ ಒಂದು ಪಟ್ಟಿಯೇ ಆಗಿರುತ್ತದೆ. ಅಮಲ್ದಾರ, ಮಾಮೂಲು, ಕಾನೂನು, ಜಮೀನು ಎಂದು ಶಬ್ದಗಳನ್ನು ಸಾಲಾಗಿ ನಿಲ್ಲಿಸಿ, ಇವು ಪರಕೀಯವೆಂದು ಹೇಳಿ, ಗ್ರಂಥಕಾರನು ಮುಂದಿನ ಪ್ರಕರಣಕ್ಕೆ ತೆರಳುತ್ತಾನೆ. ಇವುಗಳಲ್ಲಿ ಯಾವುದಕ್ಕೆ ಯಾವುದು ನಂಟು, ಬಂದಾಗ ಇದ್ದ ಅರ್ಥವೇನು, ಇಲ್ಲಿ ನೆಲಸಿದ ಮೇಲೆ ಆದ ಅರ್ಥವೇನು ಎಂಬ ವಿಚಾರವು ಅಲ್ಲಿ ಏಳುವುದೇ ಇಲ್ಲ. ಇತ್ತ ಭಾಷಾಶುದ್ಧಿಯ ಪಕ್ಷಪಾತಿಗಳು ಅದೇ ಪಟ್ಟಿಯನ್ನು ಹಿಡಿದು, ಇವನ್ನೆಲ್ಲ ಹೊರಹಾಕಿ ಸಂಸ್ಕೃತದ ಇಲ್ಲವೆ ಅಚ್ಚಗನ್ನಡದ ಮಾತುಗಳನ್ನು ಇಡಬೇಕೆನ್ನುತ್ತಾರೆ. ಎರಡು ಪಕ್ಷಗಳಿಗೂ ಸಾಮಾನ್ಯವಾದ ದೋಷವೊಂದಿದೆ. ಶಬ್ದದ ಊರು ತಿಳಿದ ಮಾತ್ರಕ್ಕೆ ಅರ್ಥದ ಊರೂ ತಿಳಿಯಿತೆಂದು ಇಬ್ಬರೂ ಭಾವಿಸುತ್ತಾರೆ. ಒಂದೇ ಒಂದು ಧಾತುವನ್ನು ಪರಿಶೀಲಿಸಿದರೂ ಈ ಭಾವನೆಯು ನಿಲ್ಲಲಾರದು.

ಅರಬ್ಬೀ ಭಾಷೆಯಲ್ಲಿ ಧಾತುವೆಂದರೆ ಸಾಮಾನ್ಯವಾಗಿ ಮೂರು ವ್ಯಂಜನಗಳು. ಕನ್ನಡದಲ್ಲಿ ಪ್ರಕೃತಿಯ ತುದಿಗೆ ಪ್ರತ್ಯಯವು ಹತ್ತಿ ಪದವಾಗುತ್ತದೆ. ಅಲ್ಲಿಯಾದರೋ ಮೂರು ವ್ಯಂಜನಗಳು ತಮ್ಮ ಕ್ರಮವನ್ನು ಬಿಡದೆ ನಿಂತು, ನಡುವಣ ಸ್ವರಗಳು ಬದಲಾಗಿ, ಕೆಲವೆಡೆ ಮುಂದೊಂದು ಅಕ್ಷರವು ಕೂಡಿ, ಪದಗಳು ಹುಟ್ಟುತ್ತವೆ. ಐನ್, ಮೀಮ್, ಲಾಮ್ ಎಂಬ ಅಕ್ಷರಗಳ ಧಾತುವಿಗೆ ‘ಕೆಲಸಮಾಡು’ ಎಂದರ್ಥ. ಐನ್ ಎಂಬುದು ಗಂಟಲಿನಲ್ಲಿ ಹುಟ್ಟುವ ವ್ಯಂಜನ. ಕನ್ನಡದ ನಾಲಗೆಗೆ ಒಗ್ಗದೆ ಬರಿಯ ಸ್ವರವಾಗಿ ಉಳಿಯಿತು. ಈ ಧಾತುವಿನಿಂದ ಅಮಲ್ ಎಂದರೆ ಕೆಲಸ, ಆಮಿಲ್ ಎಂದರೆ ಕೆಲಸ ಮಾಡುವವನು, ಮಾಮೂಲ್ ಎಂದರೆ ಮಾಡಲ್ಪಟ್ಟುದು, ಮುಆಮಲಾ ಎಂದರೆ ಒಬ್ಬರೊಡನೊಬ್ಬರು ನಡೆಸುವ ವ್ಯವಹಾರ, ಇಸ್ತಿಮಾಲ್ ಎಂದರೆ ಬಳಕೆ. ಅರಬ್ಬೀ ವೈಯಾಕರಣರು ವಾಕ್ಯದಲ್ಲಿ ಮತ್ತೊಂದು ಪದದ ವಿಭಕ್ತಿಯನ್ನು ನಿಯಮಿಸುವ ಪದವನ್ನು ಆಮಿಲ್ ಎಂದೂ, ನಿಯಮಿತವಾಗುವ ಪದವನ್ನು ಮಾಮೂಲ್ ಎಂದೂ ಕರೆದರು. ಇಂದಿನ ಅರಬ್ಬೀ ಬಳಕೆಯಲ್ಲಿ ಆಮಿಲ್ ಎಂದರೆ ಕಾರ್ಮಿಕ. ಪ್ರಯೋಗಶಾಲೆಗೂ ನಾಣ್ಯಚಲಾವಣೆಗೂ ಇದೇ ಧಾತುವಿನ ಹೆಸರುಗಳಿವೆ.

ಕೆಲಸವು ಅಧಿಕಾರವಾದ ಬಗೆಯು ಹಳೆಯದು. ಕುರಾನಿನ 9ನೆಯ ಅಧ್ಯಾಯದ 60ನೆಯ ವಾಕ್ಯದಲ್ಲಿ, ದಾನಧನವನ್ನು ಕೂಡಿಸುವ ಕೆಲಸದವರನ್ನು ಈ ಧಾತುವಿನ ಕರ್ತೃರೂಪದಿಂದಲೇ ಹೇಳಿದೆ. ಮುಂದೆ ಪ್ರಾಂತವನ್ನು ಆಳಿ ತೆರಿಗೆಯೆತ್ತುವವನು ಆಮಿಲನಾದನು. ಇದರಲ್ಲಿ ವಿಚಿತ್ರವೇನೂ ಇಲ್ಲ. ಸಂಸ್ಕೃತದ ‘ಕೃ’ ಧಾತುವಿನಿಂದ ಕಾರ್ಯವೂ ಅಧಿಕಾರವೂ ಹುಟ್ಟಿರುವುದನ್ನು ಬಲ್ಲವರಿಗೆ ಎರಡು ಭಾಷೆಗಳೂ ಒಂದೇ ದಾರಿಯನ್ನು ತುಳಿದುದು ಕಾಣುವುದು. ಅಮಲ್ ಎಂಬುದಕ್ಕೆ ‘ಉಳ್ಳವನು’ ಎಂಬರ್ಥದ ಪಾರಸೀ ‘ದಾರ್’ ಸೇರಿ ಅಮಲ್ದಾರನೂ, ಮುಆಮಲಾ ಎಂಬುದಕ್ಕೆ ಅದೇ ಸೇರಿ ಮಾಮಲೇದಾರನೂ ಸಿದ್ಧರಾದರು. ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಅಧಿಕಾರಿಯು ಅಮಲ್ದಾರ. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬೆಳಗಾವಿಗಳಲ್ಲಿ ಮಾಮಲೇದಾರ. ಒಬ್ಬನನ್ನೊಬ್ಬನು ಅರಿಯದ ಈ ಇಬ್ಬರೂ ಒಂದೇ ಧಾತುವಿನ ಮಕ್ಕಳು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ತಹಸೀಲ್ದಾರನೆಂಬ ಹೆಸರು ಎಲ್ಲೆಡೆ ನಿಂತಿತು. ಅದು ‘ಕೂಡಿಸು’ ಎಂಬರ್ಥದ ಬೇರೊಂದು ಅರಬ್ಬೀ ಧಾತುವಿನದು. ಆದರೂ ನ್ಯಾಯಾಲಯದ ತೀರ್ಪನ್ನು ನಡೆಯಿಸಲು ಹಾಕುವ ಅಮಲ್ಜಾರಿ ಅರ್ಜಿಯಲ್ಲಿ ಹಳೆಯ ಮಾತು ಉಳಿದಿದೆ.

ಇದೇ ಶಬ್ದಕ್ಕೆ ಮದವೆಂಬ ಅರ್ಥವು ಬಂದುದು ಹಿಂದುಸ್ತಾನಿಯ ಮಾರ್ಗವಾಗಿ. ಔಷಧವೋ ಮಾದಕದ್ರವ್ಯವೋ ದೇಹದ ಮೇಲೆ ನಡೆಸುವ ಕೆಲಸವು ಅಮಲ್ ಎನಿಸಿ, ಕ್ರಮೇಣ ಆ ಮತ್ತಿಗೇ ಹೆಸರಾಯಿತು. ಕನ್ನಡವು ಅದಕ್ಕೆ ತನ್ನ ಕ್ರಿಯಾಪದಗಳನ್ನು ಕೂಡಿಸಿಕೊಂಡು ಅಮಲೇರಿತು, ಅಮಲಿಳಿಯಿತು ಎಂದಿತು. ‘ಅಧಿಕಾರದ ಅಮಲು’ ಎಂಬ ನುಡಿಗಟ್ಟಿನಲ್ಲಿ ಸಂಸ್ಕೃತದ ‘ಮಾಡು’ವಿನ ಸಂತತಿಯೂ ಅರಬ್ಬಿಯ ‘ಮಾಡು’ವಿನ ಸಂತತಿಯೂ ಜೊತೆಗೂಡಿವೆ. ಆಳ್ವಿಕೆಗೂ ಮತ್ತಿಗೂ ಒಂದೇ ಹೆಸರನ್ನು ಬಳಸಿದ ಜನರಿಗೆ ಈ ನುಡಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಎಲ್ಲಕ್ಕೂ ಮಿಗಿಲಾಗಿ ವಿಚಾರಾರ್ಹವಾದುದು ಮಾಮೂಲು. ಮಾಡಲ್ಪಟ್ಟುದು, ಆದಕಾರಣ ರೂಢಿಯಲ್ಲಿರುವುದು, ಎಂಬವರೆಗೆ ಅರ್ಥವು ಸಹಜವಾಗಿ ನಡೆದುಬಂದಿದೆ. ಸಿರಿಯಾ, ಲೆಬನಾನ್‌ಗಳಲ್ಲಿ ಮಾಮೂಲ್ ಎಂದರೆ ಖರ್ಜೂರವೇ ಮೊದಲಾದ ಹೂರಣವಿಟ್ಟು ಹಬ್ಬಕ್ಕೆ ಮಾಡುವ ಭಕ್ಷ್ಯ. ಹಿಂದಿಯಲ್ಲಿ ಮಾಮೂಲಿ ಎಂದರೆ ಸಾಧಾರಣವಾದುದು. ಕನ್ನಡ, ತೆಲುಗು, ತಮಿಳುಗಳಲ್ಲಿ ಮಾತ್ರ ಮಾಮೂಲು ಎಂದರೆ ಕಚೇರಿಯಲ್ಲಿ ಕಾಗದವು ಮುಂದೆ ಸಾಗಲು ಕೊಡಬೇಕಾದ ಹಣವೂ ಹೌದು. ಈ ಅರ್ಥವು ಅರಬ್‌ದೇಶದಿಂದ ಬಂದುದಲ್ಲ. ಈ ಕಡೆಯ ಕಚೇರಿಗಳ ಜಗುಲಿಯಲ್ಲಿ ಹುಟ್ಟಿದುದು. ಹೀಗಿರಲು ನಿಘಂಟುಕಾರನು ‘ಲಂಚ’ವೆಂದು ಅರ್ಥ ಬರೆದು ಪಕ್ಕದಲ್ಲಿ ‘ಅರಬ್ಬೀ’ ಎಂದು ಗುರುತಿಟ್ಟರೆ, ಮನೆಯ ದೋಷವನ್ನು ಅತಿಥಿಯ ಮೇಲೆ ಹೊರಿಸಿದಂತಾಗುವುದು.

ಶುದ್ಧಿವಾದಿಗಳು ಮಾಮೂಲನ್ನು ತೆಗೆದು ಏನನ್ನಿಡುವರು? ‘ವಾಡಿಕೆ’ ಎಂದರೆ ಹಣದ ಸುಳಿವು ಹೋಗುವುದು. ‘ಲಂಚ’ ಎಂದರೆ ಅದಕ್ಕಿಂತ ಹೆಚ್ಚಿನ ನಷ್ಟ. ಲಂಚವೆಂಬಲ್ಲಿ ಕೊಟ್ಟವನಿಗೂ ಕೊಂಡವನಿಗೂ ಅಪರಾಧವೆಂಬ ಅರಿವಿದೆ. ಮಾಮೂಲೆಂಬಲ್ಲಿ ಆ ಅರಿವೇ ಅಡಗಿದೆ. ಅಪರಾಧವು ಸಂಪ್ರದಾಯದ ಉಡುಪನ್ನು ತೊಟ್ಟು, ಕೊಡದವನನ್ನೇ ತಪ್ಪಿತಸ್ಥನನ್ನಾಗಿ ನಿಲ್ಲಿಸುತ್ತದೆ. ಒಂದು ಸಮಾಜದ ರೋಗವನ್ನು ಇಷ್ಟು ನಿಷ್ಕೃಷ್ಟವಾಗಿ ಹೆಸರಿಸಿರುವ ಮಾತನ್ನು ಕಳೆದುಕೊಂಡರೆ ರೋಗವೇನೂ ವಾಸಿಯಾಗದು. ಅದನ್ನು ಗುರುತಿಸುವ ಶಕ್ತಿಯೊಂದು ಕುಗ್ಗುವುದು.

ಆದುದರಿಂದ ಅನ್ಯದೇಶ್ಯಪ್ರಕರಣವು ಪಟ್ಟಿಯಾಗಿ ಉಳಿಯದೆ ಚರಿತ್ರೆಯಾಗಬೇಕು. ಧಾತುವಿನ ಮೂಲ, ಬಂದ ದಾರಿ, ಇಲ್ಲಿ ಪಡೆದ ಅರ್ಥ ಎಂಬ ಮೂರನ್ನೂ ಬೇರೆಬೇರೆಯಾಗಿ ಕಾಣಿಸುವ ಕೋಶವೇ ಯಥಾರ್ಥವಾದ ಕೋಶ. ಅಮಲು, ಅಮಲ್ದಾರ, ಮಾಮಲೇದಾರ, ಮಾಮೂಲುಗಳ ಮೂರು ವ್ಯಂಜನಗಳು ಅರಬ್ಬಿಯವು. ಅವುಗಳಲ್ಲಿ ತುಂಬಿರುವ ಅನುಭವವಾದರೋ ಕಂದಾಯ ತೆತ್ತ, ಅರ್ಜಿ ಹಿಡಿದು ಕಾದ, ಕನ್ನಡ ರೈತನದು.