ಎಂಟು ತಾಸಿನ ಊರು

ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಇನ್ನೊಬ್ಬರ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆ. ನಾನು ಇಲ್ಲಿ ಎತ್ತಿಕೊಂಡಿರುವುದು ನನ್ನದೇ ಒಂದು ಪ್ರವಾಸ ಲೇಖನವನ್ನು. ಬೆಟಗೇರಿಯ ನಮ್ಮ ಮಹಿಳಾ ಮಂಡಳದಲ್ಲಿ ಅದನ್ನು ಓದಿದಾಗ ಚೆನ್ನಾಗಿ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಬಂದ ಒಂದೇ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

2019ರ ಸೆಪ್ಟೆಂಬರಿನಲ್ಲಿ, ಜರ್ಮನಿಯಲ್ಲಿರುವ ಮಗ-ಸೊಸೆ ನನ್ನನ್ನು ಗ್ರೀಸಿನ ಹಡಗು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ಶಿರಹಟ್ಟಿಯಲ್ಲಿ ಹುಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾದ ನನಗೆ ಸಮುದ್ರವೆಂದರೆ ಅಲ್ಲಿಯವರೆಗೆ ಭೂಪಟದ ನೀಲಿ ಬಣ್ಣ. ರಾತ್ರಿಯೆಲ್ಲ ಪ್ರಯಾಣ, ಬೆಳಗಾದರೆ ಹೊಸ ದ್ವೀಪ. ಸಾಂತೋರಿನಿಯಲ್ಲಿ ದೊಡ್ಡ ಹಡಗು ದಂಡೆಗೆ ಹತ್ತುವುದಿಲ್ಲ. ಜ್ವಾಲಾಮುಖಿ ಸಿಡಿದು ಕುಸಿದ ಜಾಗದೊಳಕ್ಕೆ ಸಮುದ್ರ ನುಗ್ಗಿ ಆದ ಕೊಲ್ಲಿ ಅದು, ಆಳ ಬಹಳ. ಸಣ್ಣ ದೋಣಿಗಳು ಜನರನ್ನು ದಡಕ್ಕೆ ಒಯ್ಯುತ್ತವೆ. ಫಿರಾ ಊರು ಇರುವುದು ಕಡಿದಾದ ಬಂಡೆಯ ನೆತ್ತಿಯ ಮೇಲೆ. ಏರಲು ಆರುನೂರರ ಹತ್ತಿರದ ಮೆಟ್ಟಿಲು, ಇಲ್ಲವೆ ಕತ್ತೆಯ ಬೆನ್ನು, ಇಲ್ಲವೆ ಕೇಬಲ್ ಕಾರು. ಮೊಣಕಾಲು ನೋವಿನ ನಾನು ಕೇಬಲ್ ಕಾರಿನ ಸಾಲಿನಲ್ಲಿ ನಿಂತೆ. ಬೆಳಿಗ್ಗೆ ಎಂಟಕ್ಕೆ ಇಳಿದವರಿಗೆ ಸಂಜೆ ನಾಲ್ಕಕ್ಕೆ ಕೊನೆಯ ದೋಣಿ. ಲೆಕ್ಕಕ್ಕೆ ಎಂಟು ತಾಸು; ಸಾಲು, ಊಟ, ಶೌಚಾಲಯದ ಹುಡುಕಾಟ ಕಳೆದರೆ ಉಳಿದದ್ದು ನಾಲ್ಕು.

ಆ ನಾಲ್ಕು ತಾಸಿನಿಂದ ನಾನು ಹನ್ನೆರಡು ಪುಟ ಬರೆದೆ. ಬೆಳ್ಳಗಿನ ಗೋಡೆ, ನೀಲಿ ಗುಮ್ಮಟ, ಕೆಳಗೆ ಸಮುದ್ರ. ಕೊನೆಯ ಪುಟದಲ್ಲಿ ಅಲ್ಲಿಯ ಜಗತ್ಪ್ರಸಿದ್ಧ ಸೂರ್ಯಾಸ್ತ. ಈಗ ಹೇಳಿಬಿಡುತ್ತೇನೆ, ಆ ಸೂರ್ಯಾಸ್ತವನ್ನು ನಾನು ನೋಡಿಲ್ಲ. ನಾಲ್ಕಕ್ಕೆ ದೋಣಿ ಹತ್ತಿದವಳಿಗೆ ಅದು ಕಾಣುವುದೆಲ್ಲಿ? ಅಂಗಡಿಯಲ್ಲಿ ಕೊಂಡ ಚಿತ್ರದ ಕಾರ್ಡನ್ನು ಮುಂದಿಟ್ಟುಕೊಂಡು ಬರೆದೆ. ಎಲ್ಲರೂ ಹೆಚ್ಚು ಮೆಚ್ಚಿದ್ದು ಆ ಪುಟವನ್ನೇ.

ಪ್ರಶ್ನೆ ಕೇಳಿದವರು ಮುಂಡರಗಿ ಕಡೆಯಿಂದ ಬಂದು ಬೆಟಗೇರಿಯ ನೇಕಾರರ ಮನೆ ಸೇರಿದ ಹಿರಿಯರೊಬ್ಬರು. ಓದು ಬರಹ ಅಷ್ಟಕ್ಕಷ್ಟೆ. "ಅಕ್ಕೋರ, ಸುತ್ತೆಲ್ಲಾ ಉಪ್ಪುನೀರು ಅಂತ ಓದಿದ್ರಿ. ಹಂಗಾದ್ರ ಅಲ್ಲಿ ಹೆಣ್ಮಕ್ಕಳು ಕುಡಿಯೋ ನೀರು ಎಲ್ಲಿಂದ ತರ್ತಾರ್ರಿ?"

ನಳದ ನೀರು ಬರುವ ದಿನವನ್ನು ಎಣಿಸಿಕೊಂಡು ಮದುವೆ-ಮುಂಜಿಯ ದಿನ ಹಿಡಿಯುವ ಊರಿನವಳು ನಾನು. ಆ ಪ್ರಶ್ನೆ ನನಗೇ ಹೊಳೆಯಬೇಕಿತ್ತು.

ಮನೆಗೆ ಬಂದು ಪುಸ್ತಕ ತೆಗೆದು ಓದಿದೆ. ಸಾಂತೋರಿನಿಯಲ್ಲಿ ಹೊಳೆಯಿಲ್ಲ, ಮಳೆಯೂ ಕಡಿಮೆ. ಹಿಂದಿನವರು ಕಮಾನಿನಾಕಾರದ ಮಾಳಿಗೆಯ ಮೇಲೂ ಅಂಗಳದಲ್ಲೂ ಬಿದ್ದ ಮಳೆನೀರನ್ನು ನೆಲದೊಳಗಿನ ತೊಟ್ಟಿಗೆ ಇಳಿಸಿಕೊಂಡು ವರ್ಷ ಕಳೆಯುತ್ತಿದ್ದರು. ಈಗ ಸಮುದ್ರದ ನೀರನ್ನು ಸಿಹಿಮಾಡುವ ಯಂತ್ರಗಳಿವೆ. ಅಂದರೆ, ಸುಣ್ಣ ಬಳಿದ ಯಾವ ಮಾಳಿಗೆಗಳ ಚೆಲುವನ್ನು ನಾನು ಎರಡು ಪುಟ ವರ್ಣಿಸಿದ್ದೆನೋ ಅವೇ ಆ ಪ್ರಶ್ನೆಗೆ ಉತ್ತರ. ನಲವತ್ತು ಫೋಟೋ ತೆಗೆದಿದ್ದೆ; ಒಂದರಲ್ಲೂ ನೀರಿನ ದಾರಿ ಕಂಡಿರಲಿಲ್ಲ. ಅಲ್ಲಿಯ ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಏರಿಸದೆ ನೆಲದ ಮೇಲೆ ಬುಟ್ಟಿಯಂತೆ ಸುತ್ತುವುದು ಕೂಡ, ಗಾಳಿಯ ಹೊಡೆತ ತಪ್ಪಿಸಿ ಸಮುದ್ರದ ಮಂಜಿನ ತೇವ ಹಿಡಿದಿಡಲೆಂದು. ನಾನು ಅದನ್ನು "ವಿಚಿತ್ರ ಪೊದೆಗಳು" ಎಂದು ಬರೆದಿದ್ದೆ. 1956ರ ಜುಲೈಯ ಭೂಕಂಪದಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತು ಮನೆಗಳು ನೆಲಕ್ಕೆ ಬಿದ್ದಿದ್ದವೆಂಬುದೂ ನನ್ನ ಬರಹದಲ್ಲಿ ಇರಲಿಲ್ಲ. "ಸಾವಿರಾರು ವರ್ಷಗಳಿಂದ ಹೀಗೇ ನಿಂತ ಊರು" ಎಂದು ಒಂದು ಸಾಲು ಮಾತ್ರ ಇತ್ತು.

ಇನ್ನೂ ದೊಡ್ಡ ತಪ್ಪು ಬೇರೆ. ಅಲ್ಲಿಯ ಒಂದು ಸಣ್ಣ ಅಂಗಡಿಯಲ್ಲಿ ಹಳದಿ ಬೇಳೆಯ ಪೊಟ್ಟಣ ಕಂಡು, ತೊಗರಿಯಿರಬೇಕೆಂದು ಕೊಂಡಿದ್ದೆ. ಅದರ ಹೆಸರು ಫಾವಾ; ಆ ದ್ವೀಪದ್ದೇ ಬೆಳೆ. ಅಂಗಡಿಯಾಕೆ ನನ್ನ ವಯಸ್ಸಿನವಳು. ಭಾಷೆ ಬಾರದೆ ಕೈಸನ್ನೆಯಲ್ಲೇ ಉಳ್ಳಾಗಡ್ಡಿ ಹೆಚ್ಚುವುದು, ಬೇಯಿಸುವುದು, ಎಣ್ಣೆ ಹಾಕುವುದು ಎಲ್ಲವನ್ನೂ ಹೇಳಿಕೊಟ್ಟಳು. ನಾನು ಒಗ್ಗರಣೆಯ ಸನ್ನೆ ಮಾಡಿದೆ, ಇಬ್ಬರೂ ನಕ್ಕೆವು. ಆ ದಿನದಲ್ಲಿ ನಾನು ಒಬ್ಬ ಮನುಷ್ಯರನ್ನು ಕಂಡದ್ದೆಂದರೆ ಅದೊಂದೇ. ಅದು ನನ್ನ ಹನ್ನೆರಡು ಪುಟದಲ್ಲಿ ಎಲ್ಲೂ ಇಲ್ಲ. ಬೇಳೆ ಕೊಂಡದ್ದು ಸಾಹಿತ್ಯವಾಗುತ್ತದೆಯೇ ಎಂದು ಬಿಟ್ಟಿದ್ದೆ.

ನಮ್ಮಲ್ಲಿ ಹೀಗೆ ಬರೆಯುವವಳು ನಾನೊಬ್ಬಳೇ ಅಲ್ಲ. ವೀಸಾದ ತಾಪತ್ರಯದಿಂದ ಶುರುವಾಗಿ, "ಅಲ್ಲಿ ಎಷ್ಟು ಸ್ವಚ್ಛ, ನಮ್ಮಲ್ಲಿ ಎಷ್ಟು ಕೊಳಕು" ಎಂಬಲ್ಲಿ ಮುಗಿಯುವ ಕಥನಗಳನ್ನು ನೀವೂ ಓದಿರುತ್ತೀರಿ. ನೋಡಿದ್ದು ಎಷ್ಟು ಹೊತ್ತು ಎಂಬುದು ಅವುಗಳಲ್ಲಿ ಸಿಗುವುದಿಲ್ಲ. ಒಳ್ಳೆಯ ಬರಹಗಾರರು ಹಾಗಲ್ಲ. ತಾವು ಎಲ್ಲಿ ನಿಂತು ನೋಡಿದೆವೆಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ನೆರೆಯ ಸವಣೂರಿನ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದವರು. ಅವರ ಪುಸ್ತಕದ ಹೆಸರೇ 'ಸಮುದ್ರದಾಚೆಯಿಂದ'. ಮಾತು ಎಲ್ಲಿಂದ ಬರುತ್ತಿದೆಯೆಂಬುದು ಹೊದಿಕೆಯ ಮೇಲೇ ಇದೆ. 'ಅಮೆರಿಕದಲ್ಲಿ ಗೊರೂರು' ಎಂಬ ಹೆಸರಿನಲ್ಲಿ ಮನುಷ್ಯನೂ ಇದ್ದಾರೆ, ಹಾಸನ ಜಿಲ್ಲೆಯ ಆ ಹಳ್ಳಿಯೂ ಇದೆ. ಹಳ್ಳಿಯವನ ಕಣ್ಣಿನಿಂದಲೇ ನೋಡುತ್ತೇನೆ ಎಂಬ ಒಪ್ಪಂದ ಅದು. ನಮ್ಮ ಕಾಲದ ನೇಮಿಚಂದ್ರರಂತೂ, ಹೆಂಗಸರು ತಾವೇ ದಾರಿ ಹುಡುಕಿಕೊಂಡು ದೇಶ ನೋಡಬಹುದೆಂಬ ಧೈರ್ಯವನ್ನು ನಮ್ಮಂಥ ಓದುಗರಿಗೆ ಕೊಟ್ಟವರು. ಇವರನ್ನೆಲ್ಲ ಓದಿಯೂ ನಾನು ಚಿತ್ರದ ಕಾರ್ಡಿನಿಂದ ಸೂರ್ಯನನ್ನು ಮುಳುಗಿಸಿದೆ.

ಒಂದು ದಿನದ ಪ್ರವಾಸವೇ ತಪ್ಪೆಂದು ನಾನು ಹೇಳುತ್ತಿಲ್ಲ. ಸಂಸಾರ, ಖರ್ಚು, ಮೊಣಕಾಲು ಇವೆಲ್ಲ ಇರುವ ಹೆಂಗಸರಿಗೆ ಅಷ್ಟು ಸಿಕ್ಕರೂ ಪುಣ್ಯ. ಆದರೆ ನಾವು ಹೋದಲ್ಲಿ ಬದುಕುವವರಿಗೂ ಒಂದು ಲೆಕ್ಕವಿದೆ. ಸುಮಾರು ಹದಿನೈದು ಸಾವಿರ ಜನ ವಾಸಿಸುವ ಆ ದ್ವೀಪಕ್ಕೆ ಹಡಗುಗಳಿಂದ ದಿನಕ್ಕೆ 8,000ಕ್ಕಿಂತ ಹೆಚ್ಚು ಜನ ಇಳಿಯಬಾರದೆಂದು ಮಿತಿ ಹಾಕಬೇಕಾಯಿತು. 2025ರ ಜುಲೈಯಿಂದ, ಜನ ಕಿಕ್ಕಿರಿಯುವ ತಿಂಗಳುಗಳಲ್ಲಿ ತಲೆಗೆ 20 ಯೂರೋ ಶುಲ್ಕವೂ ಬಂದಿದೆ. ಆ ಕಿಕ್ಕಿರಿದ ತಲೆಗಳಲ್ಲಿ ನನ್ನದೂ ಒಂದಾಗಿತ್ತು.

ನಮ್ಮನ್ನೂ ಹೀಗೆ ನೋಡಿ ಹೋಗುವವರಿದ್ದಾರೆ. ಮಂಗಳೂರಿನ ಪಣಂಬೂರು ಬಂದರಿಗೆ ಬರುವ ಪ್ರವಾಸಿ ಹಡಗಿನವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗುಡಿ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. ಅಷ್ಟು ದೂರವೇಕೆ? ಗದಗಿನಿಂದ ಅರ್ಧ ತಾಸಿನ ದಾರಿಯ ಲಕ್ಕುಂಡಿಗೆ, ಬೀಗರು ಬಂದಾಗಲೆಲ್ಲ ನಾನೇ ಜನ ಕರೆದೊಯ್ದಿದ್ದೇನೆ. ಪ್ರತಿ ಸಲವೂ ಮುಕ್ಕಾಲು ತಾಸು. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಎಂದು ಜನರಾಡುವ ಮಾತನ್ನು ಒಪ್ಪಿಸಿ, ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಫೋಟೋ ತೆಗೆಸಿ, ಊಟಕ್ಕೆ ತಡವಾಯಿತೆಂದು ಹೊರಡಿಸಿದ್ದೇನೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, 1007ರಲ್ಲಿ ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಬಗ್ಗೆ ಬೀಗಿತ್ತಿಗೆ ಎರಡು ಮಾತು ಹೇಳಲೂ ನನಗೆ ಪುರುಸೊತ್ತಾಗಿಲ್ಲ. ಆ ಬಾವಿಯ ಕೆತ್ತನೆಯನ್ನು ನೋಡಿದ್ದೇನೆ. ಎಷ್ಟು ಕೊಡ ಅಲ್ಲಿ ಇಳಿದು ಏರಿರಬಹುದೆಂದು ಯೋಚಿಸಿರಲಿಲ್ಲ. ಸಾಂತೋರಿನಿಯ ಮಾಳಿಗೆ ನನಗೆ ಕಾಣದಿದ್ದುದು ಅಲ್ಲಿ ಸಮಯ ಸಾಲದ್ದಕ್ಕಲ್ಲ. ನೋಡುವ ಅಭ್ಯಾಸವನ್ನು ನಾನು ಮನೆಯಿಂದಲೇ ಕಟ್ಟಿಕೊಂಡು ಹೋಗಿರಲಿಲ್ಲ.

ಲೇಖನವನ್ನು ಮತ್ತೆ ಬರೆದೆ. ಹನ್ನೆರಡು ಪುಟ ಐದಾಯಿತು. ಮೊದಲ ಸಾಲಿನಲ್ಲೇ "ನಾನು ಅಲ್ಲಿದ್ದದ್ದು ಎಂಟು ತಾಸು" ಎಂದಿದೆ. ಸೂರ್ಯಾಸ್ತ ಹೋಯಿತು, ಬೇಳೆಯ ಅಂಗಡಿ ಬಂತು. ಪುಸ್ತಕ ನೋಡಿ ತಿಳಿದದ್ದನ್ನು ಪುಸ್ತಕ ನೋಡಿಯೇ ತಿಳಿದೆನೆಂದು ಬರೆದೆ.

ಮಂಡಳದಲ್ಲಿ ಅದನ್ನು ಓದಿದ ದಿನ ಚಪ್ಪಾಳೆ ಕಡಿಮೆಯೇ. ನೀರಿನ ಪ್ರಶ್ನೆ ಕೇಳಿದ್ದ ಹಿರಿಯರು ಮಾತ್ರ ಎದ್ದು ಹತ್ತಿರ ಬಂದರು. "ಈಗ ಊರು ಕಂಡಂಗಾತು ನೋಡ್ರಿ. ಆ ಬ್ಯಾಳಿ ಕೊಟ್ಟಾಕಿ ಹೆಸರೇನ್ರಿ ಅಕ್ಕೋರ?"

ಅದನ್ನೂ ನಾನು ಕೇಳಿರಲಿಲ್ಲ.